ಸೀಬೆ ಮರದ ಬುಡದ ಜಾಯಿಂಟ್

ಎಡಪ್ಪಾಡಿ
ಆಗಸ್ಟ್ 1997, ಗುರುವಾರ

ಮಾವನವರಾದ ಗೋಪಾಲಪ್ಪನವರಿಗೆ,

ಬಾಗಿಲ ಹಿಂದೆ ನಿಂತಲ್ಲ, ಈ ಸಲ ಎದುರಿಗೇ ನಿಂತು ಶಶಿಕಲಾ ಮಾಡುವ ನಮಸ್ಕಾರ.

ಈ ಕಾಗದ ನಿಮಗೆ ಓದಲು ಬರುವುದಿಲ್ಲ ಎಂದು ಗೊತ್ತು. ನಿಮಗೆ ಬರುವುದು ತಮಿಳಕ್ಷರ ಮತ್ತು ಮೈಲಿಗಲ್ಲಿನ ಮೇಲಿನ ಇಂಗ್ಲಿಷ್ ಅಂಕಿ. ನನಗೆ ತಮಿಳು ಮಾತಾಡಲು ಬರುತ್ತದೆ, ಬಸ್ಸಿನ ಬೋರ್ಡು ಓದಲು ಬರುತ್ತದೆ, ಮನಸ್ಸಿನಲ್ಲಿರುವುದನ್ನು ಬರೆಯುವಷ್ಟು ಬರುವುದಿಲ್ಲ. ಕೊಳ್ಳೇಗಾಲದ ಶಾಲೆಯಲ್ಲಿ ಕಲಿತ ಕನ್ನಡವೇ ನನ್ನ ಅಕ್ಷರ. ನಿಮ್ಮ ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತೀರಿ, ಯಾರೂ ಬರೆಯುವುದಿಲ್ಲ. ನಾನು ಸೊಸೆಯಾಗಿ ಬಂದ ಹೊಸತರಲ್ಲಿ ಬರೆದುಕೊಟ್ಟ ದಿನಸಿ ಚೀಟಿಯನ್ನು ಪಾಲಕೋಡಿನ ಅಂಗಡಿಯವರು ತಲೆಕೆಳಗಾಗಿ ಹಿಡಿದು ನೋಡಿದರಂತೆ. ಬಾಲಾಜಿ ಅದನ್ನು ಹೇಳಿ ಹೇಳಿ ನಗುತ್ತಿದ್ದರು. ನೋಡಿ, ಹೆಸರು ಬರೆದುಬಿಟ್ಟೆ. ನಿಮ್ಮ ಮನೆಯಲ್ಲಿದ್ದ ಏಳು ವರ್ಷವೂ ಗಂಡನ ಹೆಸರು ನನ್ನ ಬಾಯಲ್ಲಿ ಬಂದಿರಲಿಲ್ಲ. ಇನ್ನು ಮುಂದೆ ನಿಮ್ಮ ಮಗ ಎಂದೇ ಬರೆಯುತ್ತೇನೆ.

ಮೊನ್ನೆ ಮಂಗಳವಾರ ಮಾರಿಯಪ್ಪ ಬಂದಿದ್ದರು. ನಿಮ್ಮ ಜೊತೆ ರೈಲ್ವೆ ಗ್ಯಾಂಗಿನಲ್ಲಿ ಸುತ್ತಿಗೆ ಹಿಡಿದ ಅದೇ ಮಾರಿಯಪ್ಪ. ಈ ಕಡೆ ಮಗಳ ಮನೆಗೆ ಬಂದವರು ಹಾಗೇ ಇಲ್ಲಿಗೂ ಬಂದು, ಕಾಫಿ ಕೊಟ್ಟರೆ ಕುಡಿಯದೆ ಲೋಟ ಹಿಡಿದು ಕೂತರು. ಆಮೇಲೆ ಹೇಳಿದರು: "ತಾಯೀ, ನಿನ್ ಮಾವನ ಎಡಗಾಲು ಕರ್ರಗಾಗೈತೆ. ಮೊಳೆ ತುಳಿದವ್ನೆ, ತುಳಿದಿದ್ದೇ ಗೊತ್ತಾಗಿಲ್ಲ. ಸುಗರು. ಮುಂಗಾಲು ಎಡುಕ್ಕಣುಂ ಅಂದ್ರು ಸೇಲಂ ಡಾಕ್ಟ್ರು, ಎರಡು ವಾರದೊಳಗೆ ತೆಗೀಬೇಕಂತೆ. ಇಲ್ಲಾಂದ್ರೆ ಉಸಿರಿಗೇ ಬಂತು. ಇವ್ನು ಏನಂತಾನೆ ಗೊತ್ತಾ? ಮಗನ್ನ ಕೇಳಿದ್ನಿ, ಗಾಡಿ ಬಿದ್ದೋಯ್ತು, ಮಗ ಬ್ಯಾಡ ಅಂದ, ಅವ್ಳೋದಾನ್. ಅಷ್ಟೇ ಅವನ ಮಾತು." ಮೈದುನ ಮಾದೇಶ್ ಟೊಮೇಟೊ ಲಾರಿಯನ್ನೇ ಬಾಗಿಲಿಗೆ ತಂದು ನಿಲ್ಲಿಸಿದರೂ ನೀವು ಹತ್ತಲಿಲ್ಲವಂತೆ. ಅತ್ತೆಯೂ ನಿಮ್ಮ ಪರವಂತೆ, ಮಗ ಬೇಡವೆಂದ ಮೇಲೆ ಬೇಡವಂತೆ. ಎರಡು ವಾರದಲ್ಲಿ ಆಗಲೇ ಐದು ದಿನ ಹೋಗಿದೆ.

ಮಾರಿಯಪ್ಪ ಹೋದ ಮೇಲೆ ಪಾತ್ರೆ ತೊಳೆದೆ, ಮಗುವಿಗೆ ಊಟ ಮಾಡಿಸಿದೆ, ಒಣಗಿದ ಬಟ್ಟೆ ಮಡಚಿದೆ. ಎದೆ ಹೊಡೆದುಕೊಳ್ಳಲಿಲ್ಲ. ಆದರೆ ಒಂದು ಗೊತ್ತಾಯಿತು. ತೀರಿಕೊಂಡ ನಿಮ್ಮ ಮಗ ಹಿತ್ತಿಲಿನ ಆ ಆಟದ ರೈಲಿನ ಮೂಲಕ ಮಾತಾಡುತ್ತಾರೆ ಎಂದು ನಿಮ್ಮನ್ನು ನಂಬಿಸಿದವಳು ನಾನು. ಆ ನಂಬಿಕೆಯಲ್ಲಿ ನೀವು ಈಗ ಸಾಯಲು ಕೂತಿದ್ದೀರಿ. ಹಾಗಾಗಿ ನಾನು ಮೂರು ವರ್ಷ ಮುಚ್ಚಿಟ್ಟಿದ್ದನ್ನು ಹೇಳಲೇಬೇಕು. ಹೇಳಿದ ಮೇಲೆ ನೀವು ನನ್ನ ಮುಖ ನೋಡದಿದ್ದರೂ ಸರಿ.

ಮೊದಲಿನಿಂದ ಬರೆಯುತ್ತೇನೆ. ನಿಮಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಯಾಕೆಂದರೆ ಬರೆಯದೆ ಇದ್ದರೆ ನನಗೇ ಅದು ನಡೆದದ್ದೋ ಇಲ್ಲವೋ ಅನ್ನಿಸುತ್ತದೆ.

ನಿಮ್ಮ ಮಗ ಹೊಸೂರಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಅಲ್ಲಿಗೆ ಮಷೀನು ಕೂರಿಸಲು ಬಂದಿದ್ದ ಜರ್ಮನಿಯ ಇಂಜಿನಿಯರೊಬ್ಬ ಊರಿಗೆ ಹೊರಡುವಾಗ ಅವರಿಗೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಕೊಟ್ಟು ಹೋದ. ಒಳಗೆ ಒಂದು ಎಂಜಿನು, ಎರಡು ಡಬ್ಬಿ, ಇಪ್ಪತ್ತು ತುಂಡು ಪಿತ್ತಾಳೆ ಹಳಿ. ಮನೆಯ ಒಳಗಲ್ಲ, ತೋಟದಲ್ಲಿ, ಬಿಸಿಲು ಮಳೆಯಲ್ಲಿ ಓಡಿಸುವ ರೈಲಂತೆ. ಎಂಜಿನು ಒಂದು ಮೊಳಕ್ಕೆ ತುಸು ಕಡಿಮೆ. ಹೊಟ್ಟೆಗೆ ನಾಲ್ಕು ಟಾರ್ಚ್ ಸೆಲ್ಲು ಹಾಕಿದರೆ ಗುರ್ರೆಂದು ಹೊರಡುವುದು, ಅದೂ ಮುಂದಕ್ಕೆ ಮಾತ್ರ. ನೀವು ಆಗಷ್ಟೇ ರಿಟೈರ್ ಆಗಿದ್ದಿರಿ. ಮೂವತ್ತು ವರ್ಷ ಕೀಮ್ಯಾನ್ ಆಗಿ ದಿನಾ ಹಳಿಯ ಮೇಲೆ ನಡೆದು, ಸಡಿಲಾದ ಕೀಲಿಗಳನ್ನು ಸುತ್ತಿಗೆಯಲ್ಲಿ ಬಿಗಿದು ಬಂದವರು. ಪೆಟ್ಟಿಗೆ ಬಿಚ್ಚಿದಾಗ ನೀವು ಹೇಳಿದ್ದು ನೆನಪಿದೆ: "ಇನ್ನೂ ಹಳೀನಾ? ಸಾಕಪ್ಪಾ ಸಾಮಿ, ಕಣ್ಣು ಮುಚ್ಚಿದ್ರೂ ಸ್ಲೀಪರ್ರೇ ಕಾಣ್ತೈತೆ." ಹಾಗೆಂದವರು ಹತ್ತು ನಿಮಿಷದಲ್ಲಿ ಹಿತ್ತಿಲಲ್ಲಿ ಮೊಣಕಾಲೂರಿ, ಕೆನ್ನೆ ನೆಲಕ್ಕೆ ತಾಗಿಸಿ, ಒಂದು ಕಣ್ಣು ಮುಚ್ಚಿ ಹಳಿ ನೇರ ಇದೆಯೋ ಎಂದು ನೋಡುತ್ತಿದ್ದಿರಿ.

ಇಪ್ಪತ್ತು ತುಂಡು ಅರ್ಧ ಸುತ್ತಿಗಷ್ಟೇ ಆಯಿತು. ಸೀಬೆ ಮರದ ಬುಡದಿಂದ ಹೊರಟು, ಟೊಮೇಟೊ ಮಡಿಯ ಪಕ್ಕ ಹಾದು, ಬಾವಿಕಟ್ಟೆಯ ಹತ್ತಿರ ಹಳಿ ಮುಗಿದುಹೋಗುತ್ತಿತ್ತು. ರೈಲು ಅಲ್ಲಿಗೆ ಬಂದು ಮಣ್ಣಿಗಿಳಿದು ಮಗುಚಿಕೊಳ್ಳುವುದು, ಅವರು ಎತ್ತಿಕೊಂಡು ಮತ್ತೆ ಸೀಬೆ ಮರದ ಬುಡಕ್ಕೆ ತರುವುದು. "ಇನ್ನರ್ಧ ಬರೋ ತಿಂಗ್ಳು," ಅನ್ನುತ್ತಿದ್ದರು. ಬರುವ ತಿಂಗಳು ಅವರಿಗೆ ಕಾಮಾಲೆ ಬಂತು. ಹನ್ನೆರಡು ದಿನ. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ನಾನು ಅಳಲಿಲ್ಲ. ಊರ ಹೆಂಗಸರು ನನ್ನ ಸುತ್ತ ಕೂತು ಅಳಿಸಲು ಏನೇನೋ ಮಾಡಿದರು, ನಿಮ್ಮ ಮಗನ ಅಂಗಿ ತಂದು ಮಡಿಲಿಗೆ ಹಾಕಿದರು. ನಾನು ಆ ಅಂಗಿಯ ಗುಂಡಿ ಒಂದು ಕಡಿಮೆ ಇದೆ ಎಂದು ನೋಡುತ್ತಿದ್ದೆ. ಕಾಲಿಗೆ ಜೋಮು ಹಿಡಿದಾಗ ನೆಲ ಇದೆ ಎಂದು ಗೊತ್ತಿರುತ್ತದೆ, ತಾಗುವುದಿಲ್ಲ. ಹಾಗಿತ್ತು. ಕಲ್ಲು ಮನಸ್ಸಿನವಳು ಎಂದರು. ನೀವೂ ಅಳಲಿಲ್ಲ, ಆದರೆ ಗಂಡಸನ್ನು ಯಾರೂ ಹಾಗೆ ಅನ್ನುವುದಿಲ್ಲ.

ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನೀವು ಧರ್ಮಪುರಿಗೆ ಹೋಗಿ, ಕಿಟಕಿಯ ಗ್ರಿಲ್ಲಿಗೆ ಹಾಕುವ ಕಬ್ಬಿಣದ ಸಣ್ಣ ಪಟ್ಟಿಗಳನ್ನು ಹೆಗಲ ಮೇಲೆ ಹೊತ್ತು ತಂದಿರಿ. ಜಾಲಿ ಮರ ಸೀಳಿ, ಹಳಿಯ ಕೆಳಗೆ ಅಡ್ಡಲಾಗಿ ಇಡುವ ಬೆರಳುದ್ದದ ಸ್ಲೀಪರು ಮಾಡಿದಿರಿ, ಅದರಲ್ಲಿ ಕಚ್ಚು ಕೊರೆದು ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿದಿರಿ. ಯಾರಿಗೂ ಏನೂ ಹೇಳಲಿಲ್ಲ. ಮಗ ಬಿಟ್ಟ ಅರ್ಧ ಸುತ್ತನ್ನು ಬಾವಿಕಟ್ಟೆಯಿಂದ ಸೀಬೆ ಮರದ ತನಕ ನೀವು ಮುಗಿಸುತ್ತಿದ್ದೀರಿ ಎಂದು ನಾವೇ ತಿಳಿದುಕೊಂಡೆವು. ಅದೇ ಹೊತ್ತಿಗೆ ಅಲ್ಲಿ ದೊಡ್ಡ ರೈಲಿನ ಹಳೆಯ ಮೀಟರ್ ಗೇಜನ್ನು ಕಿತ್ತು ಅಗಲ ಹಳಿ ಹಾಕುವ ಮಾತು ನಡೆದಿತ್ತು. ನೀವು ನಡೆದ ಹಳಿಯೇ ಹೋಗುತ್ತದೆ ಎಂದು ಮಾರಿಯಪ್ಪ ಬೇಸರಪಟ್ಟರೆ ನೀವು ತಲೆಯೆತ್ತಿ ನೋಡಲಿಲ್ಲ.

ನಮ್ಮಲ್ಲಿ ಸೊಸೆ ಮಾವನ ಎದುರು ಮಾತಾಡುವುದಿಲ್ಲ. ಏನಿದ್ದರೂ ಅತ್ತೆಯ ಮೂಲಕ. ಅತ್ತೆ ಮುತ್ತಮ್ಮನವರು ಗೋಡೆಗೆ ಮುಖ ಮಾಡಿ ಮಲಗಿದ ಮೇಲೆ ಆ ದಾರಿಯೂ ಮುಚ್ಚಿತು. ಒಂದು ದಿನ ನಿಮ್ಮ ಕಾಫಿ ಬಾವಿಕಟ್ಟೆಯ ಮೇಲೆ ಆರುತ್ತಿತ್ತು, ನೀವು ಕೆಲಸದಲ್ಲಿ ಮುಳುಗಿದ್ದಿರಿ. ನಾನು ಬಾಗಿಲ ಹಿಂದಿನಿಂದ, ಬೇರೆ ಯಾರೂ ಇಲ್ಲದ್ದರಿಂದ, ರೈಲಿಗೆ ಹೇಳಿದೆ: "ರೈಲೇ, ಕಾಫಿ ತಣ್ಣಗಾಗ್ತಾ ಇದೆ." ನೀವು ತಿರುಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಲೋಟ ತೆಗೆದುಕೊಂಡು ಕುಡಿದು ರೈಲಿಗೇ ಹೇಳಿದಿರಿ: "ಸಕ್ರೆ ಜಾಸ್ತಿ ಆಯ್ತು ಅಂತ ಯೋಳಪ್ಪಾ." ಅಲ್ಲಿಂದ ನಮ್ಮಿಬ್ಬರ ಮಾತೆಲ್ಲ ಅದರ ಮೂಲಕವೇ ನಡೆಯಿತು. ರೈಲೇ, ಅಕ್ಕಿ ಮುಗೀತು. ರೈಲೇ, ಹಟ್ಟಿಯ ಮೇಕೆ ಈದಿದೆ. ಸಾರು ಚೆಂದಾಗೈತೆ ಅಂತ ಯೋಳಪ್ಪಾ. ಅತ್ತೆ ಕೇಳಿ, ಇಬ್ಬರಿಗೂ ಮರುಳು ಎಂದರು. ಮರುಳೇ ಇರಬೇಕು. ಆ ಮನೆಯಲ್ಲಿ ಆ ವರ್ಷ ನಡೆದ ಮಾತು ಅದೊಂದೇ.

ಇನ್ನು ಆ ಜಾಯಿಂಟಿನ ವಿಚಾರ. ನಿಮ್ಮ ಕಬ್ಬಿಣ ಸಣ್ಣದು, ಅವರ ಪಿತ್ತಾಳೆ ಎತ್ತರ. ಬಾವಿಕಟ್ಟೆಯ ಹತ್ತಿರ ರೈಲು ಅವರ ಹಳಿಯಿಂದ ನಿಮ್ಮ ಹಳಿಗೆ ಟಕ್ ಎಂದು ಇಳಿದು ಬಂದುಬಿಡುತ್ತಿತ್ತು. ಸೀಬೆ ಮರದ ಬುಡದಲ್ಲಿ ನಿಮ್ಮಿಂದ ಅವರ ಕಡೆಗೆ ಹತ್ತುವಾಗ ಮಾತ್ರ ಬೀಳುತ್ತಿತ್ತು. ನೀವು ಅದಕ್ಕೆ ತಿಳಿಸಿ ಹೇಳುತ್ತಿದ್ದಿರಿ: "ನೋಡಪ್ಪಾ, ದೊಡ್ಡ ಹಳಿಗೂ ಸಣ್ಣ ಹಳಿಗೂ ಗಂಟಾಕಾಕೆ ಎರಡೇ ನ್ಯಾಯ. ತಲೆ ಸಮ ಇರ್ಬೇಕು, ಒಳಮಗ್ಗುಲು ಸಮ ಇರ್ಬೇಕು. ಕಾಲು ಎಂಗಾನಾ ಇರ್ಲಿ, ಕೆಳಗೆ ಪ್ಯಾಕಿಂಗ್ ಕೊಟ್ಕೋಬೋದು." ಹಾಗೇ ಕಬ್ಬಿಣದ ಕೆಳಗೆ ಜಾಲಿ ಚಕ್ಕೆ ಇಟ್ಟು ತಲೆ ಸಮ ಮಾಡಿದಿರಿ. ಒಳಮಗ್ಗುಲು ಮಾತ್ರ ಕೈಗೆ ಸಿಗಲಿಲ್ಲ. ಇವತ್ತು ಕೂರಿಸಿದರೆ ನಾಳೆ ಮಡಿಗೆ ನೀರು ಹಾಯಿಸಿದಾಗ ಮಣ್ಣು ಉಬ್ಬಿ ಕೂದಲೆಳೆಯಷ್ಟು ಸರಿಯುವುದು. ಪಿತ್ತಾಳೆ ಹಳಿಯ ತುದಿ ಚೂಪು ಮೂಲೆ, ಚಕ್ರ ಅಷ್ಟಕ್ಕೇ ಎಡವುವುದು.

ಆ ಮೂಲೆಯನ್ನು ಅರದಿಂದ ಉಜ್ಜಿ ಸ್ವಲ್ಪ ಇಳಿಜಾರು ಮಾಡಿದ್ದರೆ ಮುಗಿಯುತ್ತಿತ್ತು. ಇದನ್ನು ಮಾರಿಯಪ್ಪ ಹೇಳಿದಾಗ ನೀವು ಎದ್ದು ನಿಂತಿರಿ. "ನನ್ ಮಗನ ಹಳಿಗೆ ಅರ ಇಡಂಗಿಲ್ಲ. ನಂದು ಕಬ್ಬಿಣ, ಎಷ್ಟಾನಾ ತೇಯ್ತೀನಿ. ಅವಂದು ಮುಟ್ಟಂಗಿಲ್ಲ." ಮಾರಿಯಪ್ಪ ಟವೆಲು ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ನೀವು ಎಂಟು ತಿಂಗಳು ಆ ಒಂದು ಗೇಣಿನ ಜಾಗದಲ್ಲಿ ಕೂತು ನಿಮ್ಮ ಹಳಿಯನ್ನೇ ತೇದಿರಿ, ಬಗ್ಗಿಸಿದಿರಿ, ಸರಿಸಿದಿರಿ. ದಿನಾ ಸಂಜೆ ರೈಲು ಬಿಡುವುದು, ದಿನಾ ಅದು ಅಲ್ಲಿ ಬೀಳುವುದು. ಬಿದ್ದ ಸದ್ದು ಅಡುಗೆಮನೆಗೆ ಕೇಳುತ್ತಿತ್ತು.

ಮರುವರ್ಷ ಆಡಿ ತಿಂಗಳು, ನಮ್ಮ ಆಷಾಢ, ಕಳೆದ ಮೇಲೆ ನನ್ನಣ್ಣ ಒಂದು ಸಂಬಂಧದ ಮಾತು ತಂದ. ಮೇಚೇರಿ ಕಡೆಯ ಕುರಿ ಸಾಕುವ ಮನೆತನ, ನಮ್ಮದೇ ಜನ. ಹುಡುಗ ಶಿವರಾಮನ್ ಕುರಿ ಬಿಟ್ಟು ಎಡಪ್ಪಾಡಿಯಲ್ಲಿ ಮಗ್ಗ ರಿಪೇರಿ ಮಾಡುತ್ತಾನೆ, ಹೆಂಡತಿ ತೀರಿಕೊಂಡಿದ್ದಾಳೆ, ಮಕ್ಕಳಿಲ್ಲ. ಅತ್ತೆ ಗೋಡೆಯಿಂದ ಮುಖ ತಿರುಗಿಸಿದ್ದು ಅವತ್ತೇ. "ನಮ್ ಮನೇಲಿ ಎರಡ್ನೇ ತಾಳಿ ಕಂಡಿಲ್ಲ. ನನ್ ಮಗ ಸತ್ತವ್ನೆ, ಅವ್ನ ಎಂಡ್ತೀನೂ ಓಗ್ಬೇಕಾ?" ಅತ್ತೆಯ ಮೇಲೆ ನನಗೆ ಕೋಪವಿಲ್ಲ. ಮಗನದು ಎಂದು ಉಳಿದದ್ದರಲ್ಲಿ ನಾನೂ ಒಂದು, ಅಷ್ಟೇ.

ನನ್ನ ಮೊದಲ ಮದುವೆಗೆ ಮಾದಪ್ಪನ ಗುಡಿಯಲ್ಲಿ ಹೂ ಕೇಳಿದ್ದಿರಿ. ದೇವರ ತಲೆಯ ಮೇಲಿಟ್ಟ ಹೂ ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಬೇಡ. ಬಲಕ್ಕೆ ಬಿದ್ದಿತ್ತಂತೆ. ಈ ಸಲವೂ ಕೇಳಲು ಹೋದಿರಿ. ಪೂಜಾರಿ ಸಿದ್ದಪ್ಪ, ಇಂಥ ಕೆಲಸಕ್ಕೆ ದೇವರ ಹತ್ತಿರ ಹೂ ಕೇಳುವ ಪದ್ಧತಿ ಇಲ್ಲ ಎಂದು ತಟ್ಟೆ ಒಳಗಿಟ್ಟರಂತೆ. ನೀವು ಮನೆಗೆ ಬಂದು, ಚಪ್ಪಲಿ ಬಿಟ್ಟು, ನೇರ ಹಿತ್ತಿಲಿಗೆ ಹೋಗಿ ರೈಲಿನ ಮುಂದೆ ಕೂತಿರಿ. ನಾನು ಬಾಗಿಲ ಹಿಂದೆ ಇದ್ದೆ, ಅತ್ತೆ ಜಗಲಿಯಲ್ಲಿದ್ದರು. ಇಬ್ಬರಿಗೂ ಕೇಳುವ ಹಾಗೆ, ನೀವು ಯಾವತ್ತೂ ಆಡದಷ್ಟು ಗಟ್ಟಿಯಾಗಿ ಹೇಳಿದಿರಿ: "ಬಾಲಾಜೀ, ನಿನ್ ಎಂಡ್ತಿಗೆ ಒಂದು ಸಂಬಂಧ ಬಂದೈತೆ ಕಣಪ್ಪಾ. ನೀನು ಸರಿ ಅಂದ್ರೆ ನಾಳಿದ್ದು ಬೆಳಿಗ್ಗೆ ಗಾಡಿ ಜಾಯಿಂಟ್ ದಾಟ್ಲಿ. ಬ್ಯಾಡ ಅಂದ್ರೆ ಬಿದ್ದೋಗ್ಲಿ. ಬಿದ್ರೆ ನಾನು ಇನ್ನ ಆ ಮಾತು ಎತ್ತಾಕಿಲ್ಲ." ಅತ್ತೆ ಒಪ್ಪಿಕೊಂಡರು. ಎಂಟು ತಿಂಗಳು ಬಿದ್ದದ್ದು ನಾಳಿದ್ದೂ ಬೀಳುತ್ತದೆ ಎಂದು ಅವರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು.

ಮರುದಿನ ಮಧ್ಯಾಹ್ನ ನೀವು ಅತ್ತೆಯನ್ನು ಕಣ್ಣು ತೋರಿಸಲು ಪಾಲಕೋಡಿಗೆ ಕರೆದುಕೊಂಡು ಹೋದಿರಿ. ಮಾದೇಶ್ ಮಂಡಿಗೆ ಹೋಗಿದ್ದರು. ನಿಮ್ಮ ಹತಾರದ ಪೆಟ್ಟಿಗೆ ಸೀಬೆ ಮರದ ಕೆಳಗಿತ್ತು. ನಾನು ಬಾಗಿಲು ದಾಟಿ ಹಿತ್ತಿಲಿಗೆ ಬಂದು ಅರ ತೆಗೆದುಕೊಂಡೆ.

ಈಗ ಹೇಳುತ್ತೇನೆ ಮಾವ. ಆ ಮೂಲೆಯನ್ನು ಉಜ್ಜಿದವಳು ನಾನು. ಎರಡೂ ಹಳಿಯ ತುದಿ. ನಿಮ್ಮನ್ನು ಎಂಟು ತಿಂಗಳು ಬಾಗಿಲ ಸಂದಿಯಿಂದ ನೋಡಿದ್ದೆನಲ್ಲ, ಎಲ್ಲಿ ಎಷ್ಟು ಎಂದು ಗೊತ್ತಿತ್ತು. ಪಿತ್ತಾಳೆಯ ಪುಡಿ ಕೆಂಪು ಮಣ್ಣಿನ ಮೇಲೆ ಉದುರಿತು. ನಿಮ್ಮ ಮಗ ಕೈಯಾರೆ ಹಾಸಿದ ಹಳಿ ಅದು, ಆ ಪುಡಿ ನೋಡಿ ನನಗೆ ಅಳು ಬರಬೇಕಿತ್ತು. ಬರಲಿಲ್ಲ, ಸೀನು ಬಂತು. ಸೀನಿ, ಮೂಗು ಒರೆಸಿಕೊಂಡು, ಮತ್ತೆ ಉಜ್ಜಿದೆ. ಆಮೇಲೆ ರೈಲು ಬಿಟ್ಟೆ. ದಾಟಿತು. ಮೂರು ಸುತ್ತು ಬಿಟ್ಟೆ, ಮೂರು ಸಲವೂ ದಾಟಿತು. ಪುಡಿಯನ್ನು ಸೆರಗಿನಲ್ಲಿ ಗುಡಿಸಿ ಟೊಮೇಟೊ ಬುಡಕ್ಕೆ ಹಾಕಿ, ಅರವನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಇದ್ದ ಹಾಗೇ ಇಟ್ಟೆ.

ಯಾಕೆ ಎಂದು ನೀವು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಆಗ ನನಗೆ ಇಪ್ಪತ್ತೇಳು ವರ್ಷ. ನಿಮ್ಮ ಮನೆಯಲ್ಲಿ ನನಗೆ ಅನ್ನಕ್ಕೆ ಕಡಿಮೆ ಇರಲಿಲ್ಲ, ಬಟ್ಟೆಗೆ ಕಡಿಮೆ ಇರಲಿಲ್ಲ. ಆದರೆ ನನ್ನ ಮುಖ ನೋಡಿ ಮಾತಾಡುವವರು ಯಾರೂ ಇರಲಿಲ್ಲ. ಇನ್ನು ನಲವತ್ತು ವರ್ಷ ರೈಲಿನ ಜೊತೆ ಮಾತಾಡಿಕೊಂಡು ಇರಲಾರೆ ಅನ್ನಿಸಿತು. ಶಿವರಾಮನ್ ಹೇಗಿದ್ದಾರೆ ಎಂದು ನಾನು ಆಗ ನೋಡಿಯೂ ಇರಲಿಲ್ಲ. ಹೋಗಬೇಕು ಅನ್ನಿಸಿತು, ಅಷ್ಟೇ. ಸತ್ತವರ ಹೆಸರಿನಲ್ಲಿ ನಾನೇ ನನಗೆ ಅಪ್ಪಣೆ ಕೊಟ್ಟುಕೊಂಡೆ.

ಮಾರನೆಯ ಬೆಳಿಗ್ಗೆ ಎದ್ದಾಗ ನೀವು ಆಗಲೇ ಹಿತ್ತಿಲಲ್ಲಿದ್ದಿರಿ. ಹುಣಸೆಹಣ್ಣು, ಬೂದಿ ಇಟ್ಟುಕೊಂಡು ಪಿತ್ತಾಳೆ ಹಳಿಯನ್ನೆಲ್ಲ ತಿಕ್ಕಿ ತೊಳೆಯುತ್ತಿದ್ದಿರಿ, ಹಬ್ಬಕ್ಕೆ ದೀಪದ ಕಂಬ ತಿಕ್ಕುವ ಹಾಗೆ. ಮಗನ ಹತ್ತಿರ ಅಪ್ಪಣೆ ಕೇಳುವ ದಿನ, ಅದಕ್ಕೇ ಮಡಿ ಮಾಡುತ್ತಿದ್ದಾರೆ ಅಂದುಕೊಂಡೆ. ಬಿಸಿ ನೀರು ಬೇಕಾ ಎಂದು ರೈಲನ್ನು ಕೇಳಿದೆ. ಬ್ಯಾಡ ಅಂತ ಯೋಳಪ್ಪಾ ಎಂದಿರಿ. ಆಮೇಲೆ ಅತ್ತೆ ಬಂದರು, ಮಾದೇಶ್ ಬಂದರು, ನೀವು ಬರಹೇಳಿದ್ದ ಪೂಜಾರಿ ಸಿದ್ದಪ್ಪನೂ ಬಂದು ನಿಂತರು. ನೀವು ಸೆಲ್ಲು ಹಾಕಿ ರೈಲು ಬಿಟ್ಟಿರಿ. ಬಾವಿಕಟ್ಟೆಯ ಹತ್ತಿರ ಟಕ್ ಎಂದು ಇಳಿಯಿತು, ಕಬ್ಬಿಣದ ಮೇಲೆ ಕರಕರ ಬಂತು, ಸೀಬೆ ಮರದ ಬುಡದಲ್ಲಿ ನಿಲ್ಲಲೂ ಇಲ್ಲ, ಅಲುಗಲೂ ಇಲ್ಲ. ಅತ್ತೆ ಅಲ್ಲೇ ಕುಸಿದು ಕೂತು, ನನ್ ಮಗ ಒಪ್ಪಿದ, ನನ್ ಮಗ ದೊಡ್ಡ ಮನಸ್ಸು ಮಾಡಿದ ಎಂದು ಅತ್ತರು. ಎದ್ದು ಬಂದು ನನ್ನ ತಲೆಗೆ ಹೂವನ್ನೂ ಮುಡಿಸಿದರು. ನೀವು ರೈಲನ್ನೇ ನೋಡುತ್ತ, "ಸರಿ ಕಣಪ್ಪಾ. ಓಗ್ಬುಟ್ಟು ಬಾ," ಎಂದಿರಿ. ರೈಲಿಗೆ ಹೇಳಿದ್ದು ಅಂದುಕೊಂಡೆ.

ಹಾಗೆ ಬಂದವಳು ನಾನು. ಇಲ್ಲಿ ಸುಖವಾಗಿದ್ದೇನೆ. ಶಿವರಾಮನ್ ಬಾಯಿ ಮುಚ್ಚದ ಮನುಷ್ಯ. ಮಗ್ಗದ ಸದ್ದಿನಲ್ಲಿ ಕೂಗಿ ಕೂಗಿ ಅಭ್ಯಾಸ, ಮನೆಯಲ್ಲೂ ಕೂಗಿಯೇ ಮಾತು. ರೋಜಾಗೆ ಎರಡು ತುಂಬಿದೆ, ಅವಳಿಗೆ ತಮಿಳೇ ಮುಂದು. ಆದರೆ ನಿಮ್ಮ ಮಗನ ಮಾತು ಎಂದು ನಾನು ಮಾಡಿದ ಮೋಸವೇ ಈಗ ನಿಮ್ಮ ಕಾಲಿಗೆ ಸುತ್ತಿಕೊಂಡಿದೆ. ಅವರು ಅವತ್ತು ಹೂಂ ಎನ್ನಲಿಲ್ಲ, ಇವತ್ತು ಬೇಡ ಎಂದೂ ಅನ್ನುತ್ತಿಲ್ಲ. ಅವತ್ತು ನನ್ನ ಅರ, ಇವತ್ತು ಹಳಿಯ ಕೆಳಗೆ ಕೊಳೆತ ಜಾಲಿ ಚಕ್ಕೆ, ಮಾರಿಯಪ್ಪನೇ ನೋಡಿ ಬಂದು ಹೇಳಿದರು. ದಯವಿಟ್ಟು ಆಸ್ಪತ್ರೆಗೆ ಹೋಗಿ. ನನ್ನನ್ನು ಬೈಯುವುದಿದ್ದರೆ ಬದುಕಿ ಬೈಯಿರಿ.

ಶುಕ್ರವಾರ

ನಿನ್ನೆ ಅಲ್ಲಿಗೆ ನಿಲ್ಲಿಸಿ, ಸಹಿ ಹಾಕದೆ ಮಡಚಿಟ್ಟಿದ್ದೆ. ಇವತ್ತು ಮಧ್ಯಾಹ್ನ ಸಾರಿಗೆ ಹುಣಸೆಹಣ್ಣು ಕಿವುಚುತ್ತಿದ್ದೆ. ಕಿವುಚುತ್ತ ಕೈ ನಿಂತಿತು.

ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದರೆ ಹೊಸ ಪಿತ್ತಾಳೆ ಹಳೆ ಪಿತ್ತಾಳೆ ಎಲ್ಲ ಒಂದೇ ಬಣ್ಣಕ್ಕೆ ಬರುತ್ತದೆ. ಅರ ತಾಗಿದ ಗೆರೆ, ಹೊಸದಾಗಿ ಹೊಳೆಯುವ ಮೂಲೆ, ಒಂದೂ ಕಾಣುವುದಿಲ್ಲ. ಅತ್ತೆಗೆ ಕಾಣುವುದಿಲ್ಲ, ಸಿದ್ದಪ್ಪನಿಗೆ ಕಾಣುವುದಿಲ್ಲ. ಮಡಿಗಾಗಿ ತಿಕ್ಕಿದ್ದಲ್ಲ ಅದು, ಅಲ್ಲವೇ ಮಾವ?

ಆಮೇಲೆ ಒಂದೊಂದೇ ನೆನಪಾಯಿತು. ಆ ಹತಾರದ ಪೆಟ್ಟಿಗೆಗೆ ಮೂವತ್ತು ವರ್ಷ ಬೀಗ ಹಾಕದೆ ನೀವು ಊಟಕ್ಕೂ ಎದ್ದವರಲ್ಲ. ಅವತ್ತು ಮಾತ್ರ ಬೀಗವಿಲ್ಲದೆ, ಅದೂ ಮರದ ಕೆಳಗೇ ಬಿಟ್ಟು ಹೋದಿರಿ. ಅತ್ತೆಯ ಕಣ್ಣು ವರ್ಷದಿಂದ ಮಂಜಾಗಿತ್ತು, ಕರೆದುಕೊಂಡು ಹೋಗಲು ಅದೇ ಮಧ್ಯಾಹ್ನ ಆಗಬೇಕಿತ್ತೇ? ನಾಳೆ ಅನ್ನದೆ ನಾಳಿದ್ದು ಅಂದಿರಿ, ನಡುವೆ ಒಂದು ದಿನ ಬಿಟ್ಟಿರಿ. ಕತ್ತಲಲ್ಲೂ ಬೆರಳಾಡಿಸಿ ಹಳಿಯ ಬಿರುಕು ಹಿಡಿಯುತ್ತಿದ್ದವರು ನೀವು, ನನ್ನ ಒರಟು ಕೈಕೆಲಸ ನಿಮ್ಮ ಬೆರಳಿಗೆ ಸಿಗದೆ ಹೋಯಿತೇ? ಮಗನ ಹಳಿಗೆ ಅರ ಇಡಬಾರದು ಎಂದು ಮಾರಿಯಪ್ಪನ ಮೇಲೆ ಎದ್ದು ನಿಂತವರು, ನಾನು ಇಡಲಿ ಎಂದು ಜಾಗ ಬಿಟ್ಟುಕೊಟ್ಟಿರಿ. ನಾನು ಇಡದಿದ್ದರೆ ಆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ನೀವು ಕೇಳಿದ್ದು ಮಗನನ್ನಲ್ಲ, ನನ್ನನ್ನು. ಎದುರಿಗೆ ಕೇಳಲು ನಮಗೆ ದಾರಿ ಇರಲಿಲ್ಲ.

ಮೂರು ವರ್ಷ ನಿಮಗೆ ಮೋಸ ಮಾಡಿದೆ ಅಂದುಕೊಂಡು ಕೂತಿದ್ದೆ. ಸಾರು ಕುದಿಯುವಷ್ಟು ಹೊತ್ತು ಅಳುತ್ತ ನಿಂತೆ. ನಿಮ್ಮ ಮಗ ಹೋದ ಮೇಲೆ ಅದೇ ಮೊದಲು. ದೊಡ್ಡ ಅಳುವೇನಲ್ಲ, ಆದರೆ ಉಪ್ಪು ಹಾಕಿದ್ದು ಮರೆತು ಎರಡನೇ ಸಲ ಹಾಕಿದೆ. ಶಿವರಾಮನ್ ಬಂದು ಉಂಡು, ನನ್ನ ಮುಖ ನೋಡಿಯೇ ಹೇಳಿದರು, ಉಪ್ಪು ಜಾಸ್ತಿ ಎಂದು. ನಾನು ನಕ್ಕೆ. ಎಲ್ಲವನ್ನೂ ಹೇಳಿದೆ, ಈ ಕಾಗದವನ್ನು ಓದಿಯೂ ಹೇಳಿದೆ. ಕೇಳಿ ಮುಗಿಸಿದವರೇ ಅವರು ಭಾನುವಾರದ ಮೊದಲ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಲು ಹೊರಟರು.

ಹಾಗಾದರೆ ಈಗಿನದೇನು ಮಾವ? ರೈಲು ಮಾತಾಡುವುದಿಲ್ಲ ಎಂದು ನಿಮಗೆ ನನಗಿಂತ ಮೊದಲೇ ಗೊತ್ತು. ಜಾಲಿ ಚಕ್ಕೆ ನೀರು ಕುಡಿದು ಮೆತ್ತಗಾಗಿದೆ, ಕಬ್ಬಿಣ ಕುಸಿದಿದೆ, ರೈಲು ಬಿದ್ದಿದೆ ಎಂದೂ ಗೊತ್ತು. ಗೊತ್ತಿದ್ದೂ, ಅತ್ತೆಗೆ ಮಗನ ಹೆಸರು ಹೇಳಿ ಸುಮ್ಮನಿರಿಸಿದ್ದೀರಿ. ನಿಮಗೆ ಕಾಲು ಕೊಡಲು ಇಷ್ಟವಿಲ್ಲ, ಅಥವಾ ಇರಲು ಇಷ್ಟವಿಲ್ಲ. ನೀವು ಮಾಡಿದ ಹಾಗೇ ನಾನೂ ಮಾಡಬೇಕೆಂದಿದ್ದರೆ, ಏನೂ ಗೊತ್ತಿಲ್ಲದವಳ ಹಾಗೆ ಇದ್ದು ನಿಮಗೂ ಹೋಗಿ ಬನ್ನಿ ಎನ್ನಬೇಕಿತ್ತು. ಅನ್ನುವುದಿಲ್ಲ. ನಾನು ಹೋಗಿದ್ದು ಬಸ್ಸಿನಲ್ಲಿ ಅರ್ಧ ದಿನದ ದಾರಿ, ನೀವು ಹೊರಟಿರುವುದು ಅಂಥ ಊರಿಗಲ್ಲ.

ಮೊಳೆ ಹೊಕ್ಕರೂ ನೋಯಲಿಲ್ಲ, ನೋವೇ ಇಲ್ಲದ ಕಾಲಿಗೆ ಆಪರೇಷನ್ ಯಾಕೆ ಎಂದು ನೀವು ಕೇಳಿದಿರಂತೆ. ಡಾಕ್ಟರು ಹೇಳಿದರಂತೆ, ನೋವು ಗೊತ್ತಾಗದೆ ಇರುವುದೇ ಕಾಯಿಲೆ ಎಂದು. ಅದು ನನಗೆ ಚೆನ್ನಾಗಿ ಅರ್ಥವಾಯಿತು. ನಾಲ್ಕು ವರ್ಷ ನಾನೂ ಹಾಗೇ ಇದ್ದೆ, ಗಟ್ಟಿಯಾಗಿದ್ದೇನೆ ಅಂದುಕೊಂಡು.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಭಾನುವಾರ ಮೊದಲ ಬಸ್ಸಿಗೆ ನಾನು, ಶಿವರಾಮನ್, ರೋಜಾ ಹೊರಡುತ್ತೇವೆ. ನಿಮ್ಮ ಎದುರಿಗೆ ಕೂತು, ಬಾಗಿಲ ಹಿಂದೆ ಅಲ್ಲ, ನಾನೇ ಇದನ್ನು ಓದಿ ಹೇಳುತ್ತೇನೆ. ಅತ್ತೆ ಜಗಲಿಗೆ ಹೋದ ಮೇಲೆ ಓದುತ್ತೇನೆ, ಅವರ ಮಗ ಅವರಿಗೆ ದೊಡ್ಡ ಮನಸ್ಸಿನವನಾಗಿಯೇ ಇರಲಿ. ಶಿವರಾಮನ್ ಮಗ್ಗಕ್ಕೆ ಹಾಕುವ ದಪ್ಪ ತೊಗಲು ತರುತ್ತಾರೆ, ಅದು ಜಾಲಿ ಚಕ್ಕೆಯಷ್ಟು ಬೇಗ ಕೊಳೆಯುವುದಿಲ್ಲ. ಕಬ್ಬಿಣದ ಕೆಳಗೆ ಅದನ್ನಿಟ್ಟು ತಲೆ ಸಮ ಮಾಡೋಣ. ಒಳಮಗ್ಗುಲಿಗೆ ನಾನು ಅರ ಹಿಡಿಯುತ್ತೇನೆ, ಈ ಸಲ ನಿಮ್ಮ ಕಣ್ಣೆದುರಿಗೇ. ಸೋಮವಾರ ಬೆಳಿಗ್ಗೆ ಅತ್ತೆಯನ್ನೂ ಮಾದೇಶರನ್ನೂ ಕರೆದು ರೈಲು ಬಿಡೋಣ. ಅದು ದಾಟುತ್ತದೆ. ದಾಟಿದ ಕೂಡಲೇ ನೀವು ಎದ್ದು, ಮಗ ಒಪ್ಪಿದ ಎಂದು ಅತ್ತೆಗೆ ಹೇಳಿ, ಮಾದೇಶರ ಲಾರಿ ಹತ್ತಬೇಕು. ಅವತ್ತು ನನಗಾಗಿ ನಂಬಿದ ಹಾಗೆ ನಿಂತಿರಿ. ಇನ್ನೊಂದು ಸಲ ಹಾಗೇ ನಿಲ್ಲಿ, ಸಾಕು.

ಹುಣಸೆಹಣ್ಣು ನಾನೇ ತರುತ್ತೇನೆ.

ದೊಡ್ಡವರನ್ನು ಹರಸುವ ವಯಸ್ಸು ನನ್ನದಲ್ಲ. ಆದರೂ ನೀವು ಕಲಿಸಿದ ನ್ಯಾಯವನ್ನೇ ಹೇಳಿ ಮುಗಿಸುತ್ತೇನೆ: ತಲೆ ಸಮ ಇರಲಿ ಮಾವ, ಒಳಮಗ್ಗುಲು ಸಮ ಇರಲಿ. ಕಾಲು ಹೇಗಾದರೂ ಇರಲಿ, ಕೆಳಗೆ ಪ್ಯಾಕಿಂಗ್ ಕೊಟ್ಟುಕೊಳ್ಳೋಣ.

ಈಗಲೂ ನಿಮ್ಮ ಸೊಸೆ,
ಶಶಿಕಲಾ